ತಮಟೆಯ ಚಿತ್ರ ಯಾವ ವಯಸ್ಸಿನವರಿಗೆ?

ಪ್ರಶ್ನೆ: ಮೇಡಂ, ನಾನು ಚಿಂತಾಮಣಿ ತಾಲ್ಲೂಕಿನ ಒಂದು ಹಳ್ಳಿಯವನು. ನಮ್ಮ ಕೇರಿಯ ತಮಟೆ ತಂಡದ ಮೇಲೆ 24 ನಿಮಿಷದ ಸಾಕ್ಷ್ಯಚಿತ್ರ ಮಾಡಿದ್ದೇನೆ. ತಮಟೆ ಕಟ್ಟೋದು, ಕಾಯಿಸೋದು, ಊರ ಜಾತ್ರೆ, ಒಂದು ಸಾವಿನ ಮನೆ, ಒಂದು ಮದುವೆ, ಕೊನೆಗೆ ಕಂಬಾಲಪಲ್ಲಿ ಹತ್ಯಾಕಾಂಡದ ಬಗ್ಗೆ ಹಿರಿಯರೊಬ್ಬರು ಹಾಡುವ ಹಾಡು, ಇಷ್ಟಿದೆ. ಕುಡಿಯುವ ದೃಶ್ಯ, ಬೀಡಿ, ಮರಿ ಕಡಿಯೋದು, ಜಾತಿ ಹಿಡಿದು ಬೈದ ಮಾತು, ಇವೂ ಇವೆ. ತಂಡದಲ್ಲಿ 12 ವರ್ಷದ ಹುಡುಗ ಒಬ್ಬ ಇದ್ದಾನೆ. ಹೈಸ್ಕೂಲುಗಳಲ್ಲಿ ತೋರಿಸಬೇಕು, ಚಿತ್ರೋತ್ಸವಕ್ಕೆ ಕಳಿಸಬೇಕು, ಆಮೇಲೆ ಯೂಟ್ಯೂಬ್‌ಗೆ ಹಾಕಬೇಕು ಅಂತ ಆಸೆ. ಒಬ್ಬ ಗೆಳೆಯ ‘ಸಂಗೀತದ ಚಿತ್ರ ತಾನೆ, ಯು ಹಾಕು’ ಅಂತಾನೆ. ಇನ್ನೊಬ್ಬ ‘ಎ ಹಾಕಿಬಿಡು, ತಲೆನೋವೇ ಇರಲ್ಲ’ ಅಂತಾನೆ. ಯಾವುದು ಸರಿ? ನಮ್ಮ ಕೇರಿ ಮಕ್ಕಳೇ ನೋಡೋಕಾಗದ ಹಾಗೆ ಆಗಬಾರದು ಅನ್ನೋದು ನನ್ನ ಚಿಂತೆ.

ಉತ್ತರ: ನೀವು ಕಳಿಸಿದ ಲಿಂಕ್‌ನಲ್ಲಿ ಚಿತ್ರವನ್ನು ಎರಡು ಸಲ ನೋಡಿದೆ. ಮೊದಲ ಶಾಟ್ ಇನ್ನೂ ಕಣ್ಣಲ್ಲೇ ಇದೆ. ಹುಲ್ಲಿಗೆ ಬೆಂಕಿ ಹಚ್ಚಿ, ತಮಟೆಯನ್ನು ಓರೆ ಹಿಡಿದು ತಿರುಗಿಸುತ್ತಾ, ಆ ಹಿರಿಯರು ಚರ್ಮದ ಮೇಲೆ ನಡುಬೆರಳಲ್ಲಿ ಒಂದು ಪೆಟ್ಟು ಕೊಟ್ಟು ಕಿವಿ ಹತ್ತಿರ ತರುತ್ತಾರೆ. ಸದ್ದು ಇನ್ನೂ ಮೆತ್ತಗಿದೆ ಅನ್ನಿಸಿ ಮತ್ತೆ ಬೆಂಕಿಗೆ ಹಿಡಿಯುತ್ತಾರೆ. ಮೂರನೇ ಸಲಕ್ಕೆ ‘ಠಣ್’ ಅಂದ ಕೂಡಲೇ ಅವರ ಮುಖ ಬದಲಾಗುತ್ತದೆ. ಈ ಒಂದು ನಿಮಿಷವನ್ನು ಐದು ವರ್ಷದ ಮಗುವೂ ಬಾಯಿ ಬಿಟ್ಟುಕೊಂಡು ನೋಡುತ್ತದೆ. ಇಡೀ ಚಿತ್ರ ಹೀಗೇ ಇದ್ದಿದ್ದರೆ ನಿಮ್ಮ ಮೊದಲ ಗೆಳೆಯನ ಮಾತೇ ಸರಿ ಅನ್ನುತ್ತಿದ್ದೆ. ಆದರೆ ಹಾಗಿಲ್ಲ. ನನ್ನ ಮಟ್ಟಿಗೆ ಇದು 13 ವರ್ಷ ದಾಟಿದವರ ಚಿತ್ರ. ಕೆಲವು ಕಡೆ ಕತ್ತರಿ ಆಡಿಸಿದರೆ ಅಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ, ಆಡಿಸದಿದ್ದರೆ 16ಕ್ಕೆ ಜಾರುತ್ತದೆ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ಮೊದಲು ಅಕ್ಷರಗಳ ಲೆಕ್ಕ. ನಾವೆಲ್ಲ ಇವತ್ತಿಗೂ ‘ಸೆನ್ಸಾರ್’ ಅಂತಲೇ ಕರೆಯುವ ಕೇಂದ್ರ ಚಲನಚಿತ್ರ ಪ್ರಮಾಣೀಕರಣ ಮಂಡಳಿ 1952ರ ಸಿನಿಮಾಟೋಗ್ರಾಫ್ ಕಾಯ್ದೆಯಡಿ ಕೆಲಸ ಮಾಡುತ್ತದೆ. ಬಹಳ ಕಾಲ ಎಲ್ಲರಿಗೂ ಯು, ದೊಡ್ಡವರಿಗೆ ಎ, ಇವೆರಡೇ ಇದ್ದವು. 1983ರಲ್ಲಿ ನಡುವೆ ಯುಎ ಬಂತು, ವೈದ್ಯರಂಥ ಒಂದು ವರ್ಗಕ್ಕಷ್ಟೇ ಮೀಸಲಾದ ಎಸ್ ಬಂತು. ಆಗ ಯುಎ ಅಂದರೆ 12 ವರ್ಷದ ಒಳಗಿನವರಿಗೆ ಅಪ್ಪ ಅಮ್ಮ ಜೊತೆಗಿರಲಿ ಎಂದರ್ಥ. 2023ರ ತಿದ್ದುಪಡಿ ಇದನ್ನು ಮೂರಾಗಿ ಸೀಳಿತು: ಯುಎ 7+, ಯುಎ 13+, ಯುಎ 16+. 2024ರ ಹೊಸ ನಿಯಮಗಳೊಂದಿಗೆ ಅದು ಜಾರಿಯಲ್ಲಿದೆ. ಓಟಿಟಿಗಳು 2021ರ ಐಟಿ ನಿಯಮದಂತೆ ಹೆಚ್ಚುಕಡಿಮೆ ಇದೇ ಐದು ಮೆಟ್ಟಿಲು ಬಳಸುತ್ತಿದ್ದವು, ಈಗ ಥಿಯೇಟರ್ ಮತ್ತು ಮೊಬೈಲ್ ಎರಡಕ್ಕೂ ಒಂದೇ ಅಳತೆಗೋಲು ಆದಂತಾಯಿತು. ನಿಮಗೆ ಮುಖ್ಯವಾಗಿ ಬೇಕಾದ್ದು ಇದು: ಯುಎ ಅಂದರೆ ಯಾರನ್ನೂ ಬಾಗಿಲಲ್ಲಿ ನಿಲ್ಲಿಸುವ ಗುರುತಲ್ಲ. ಮಗುವಿಗೆ ತೋರಿಸುವುದೋ ಬೇಡವೋ ಎಂದು ಯೋಚಿಸಲು ಹೆತ್ತವರಿಗೆ ಕೊಟ್ಟ ಸೂಚನೆ ಅದು, ತೀರ್ಮಾನ ಅವರದೇ. ಎ ಮಾತ್ರ ಬಾಗಿಲು ಹಾಕುತ್ತದೆ. ನಿಮ್ಮ ಕೊನೆಯ ಸಾಲಿನ ಚಿಂತೆಗೆ ಅರ್ಧ ಉತ್ತರ ಇಲ್ಲೇ ಇದೆ.

ಎರಡನೇ ಗೆಳೆಯ ಹೇಳಿದ ‘ಎ ಹಾಕಿಬಿಡು’ ಅನ್ನುವುದು ಕೇಳೋಕೆ ಸುಲಭ. ಹಾಕಿದರೆ ಏನಾಗುತ್ತದೆ ನೋಡಿ. ಹೈಸ್ಕೂಲಿನ ಬಾಗಿಲು ಅಲ್ಲಿಗೆ ಮುಚ್ಚಿತು. ನಾಳೆ ಟಿವಿಯವರು ಕೇಳಿದರೆ, ಎ ಸಿಕ್ಕ ಚಿತ್ರಕ್ಕೆ ಟಿವಿಗೆಂದೇ ಬೇರೆ ಪ್ರಮಾಣಪತ್ರ ಆಗಬೇಕು. ಯೂಟ್ಯೂಬ್‌ನಲ್ಲಿ 18ರ ನಿರ್ಬಂಧ ಹಾಕಿದರೆ, ಲಾಗಿನ್ ಆಗದವರಿಗೆ ಅದು ತೆರೆಯುವುದೇ ಇಲ್ಲ, ಬೇರೆ ವೆಬ್‌ಸೈಟುಗಳಲ್ಲಿ ಸೇರಿಸಿದರೂ ಸಾಮಾನ್ಯವಾಗಿ ಓಡುವುದಿಲ್ಲ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಈ ಕೇರಿಯ ಬದುಕು ದೊಡ್ಡವರಷ್ಟೇ ನೋಡಬೇಕಾದ ವಸ್ತು ಎಂದು ನಾವೇ ಮೊಹರು ಒತ್ತಿದಂತಾಗುತ್ತದೆ. ಚಿತ್ರ ನಿರ್ದೇಶಕ ಕೆ.ಎ. ಅಬ್ಬಾಸ್ ಅವರ ಪ್ರಕರಣ ನೆನಪಾಗುತ್ತದೆ. ನಾಲ್ಕು ಮಹಾನಗರಗಳ ಸಿರಿತನ ಬಡತನಗಳನ್ನು ಎದುರುಬದುರು ಇಟ್ಟು ಅವರು ಮಾಡಿದ್ದು 16 ನಿಮಿಷದ ಸಾಕ್ಷ್ಯಚಿತ್ರ. ಮುಂಬೈಯ ವೇಶ್ಯಾವಾಟಿಕೆಯ ಕೆಲವು ಶಾಟ್‌ಗಳ ಕಾರಣಕ್ಕೆ ಅದಕ್ಕೆ ಎ ಬಂತು. ಅವರು ಯು ಬೇಕೆಂದು ಸುಪ್ರೀಂ ಕೋರ್ಟಿನ ತನಕ ಹೋದರು. ಸಿನಿಮಾ ಬೇರೆ ಕಲೆಗಳಿಗಿಂತ ಹೆಚ್ಚು ಮನಸ್ಸು ಕಲಕುತ್ತದೆ, ಮಕ್ಕಳ ಮೇಲಂತೂ ಇನ್ನೂ ಹೆಚ್ಚು, ಹಾಗಾಗಿ ವಯಸ್ಸಿನ ಪ್ರಕಾರ ವಿಂಗಡಿಸುವುದು ಸರಿಯೇ ಎಂದು 1970ರಲ್ಲಿ ನ್ಯಾಯಾಲಯ ಹೇಳಿತು. 16 ನಿಮಿಷದ ಚಿತ್ರದ ವಯಸ್ಸಿನ ವಿಚಾರ ದೇಶದ ಅತಿ ದೊಡ್ಡ ನ್ಯಾಯಾಲಯದಲ್ಲಿ ಚರ್ಚೆಯಾಗಿದೆ ಅಂದಮೇಲೆ, 24 ನಿಮಿಷದ ನಿಮ್ಮ ಚಿತ್ರಕ್ಕೆ ನಾವು ಒಂದು ಸಂಜೆ ಕೂತು ತಲೆ ಕೆಡಿಸಿಕೊಳ್ಳುವುದು ಹೆಚ್ಚೇನಲ್ಲ.

‘ಯು’ ಅನ್ನುವವರಿಗೆ ನನ್ನದೇ ಅನುಭವ ಹೇಳುತ್ತೇನೆ. ಎಷ್ಟೋ ವರ್ಷಗಳಿಂದ ಕೋಲಾರ, ಚಿಕ್ಕಬಳ್ಳಾಪುರದ ಶಾಲೆಗಳಿಗೆ ಪ್ರೊಜೆಕ್ಟರ್ ಹೊತ್ತುಕೊಂಡು ಹೋಗಿ ಚಿತ್ರ ತೋರಿಸುವುದು ನನ್ನ ಕೆಲಸ. ಒಮ್ಮೆ ಒಂದು ಶಾಲೆಯಲ್ಲಿ ಜನಪದ ಹಾಡುಗಾರರ ಮೇಲಿನ ಒಂದು ಸಣ್ಣ ಚಿತ್ರ ಹಾಕಿದೆ. ‘ಹಾಡಿನ ಚಿತ್ರ ಮಕ್ಕಳೇ, ಚೆನ್ನಾಗಿದೆ’ ಅಂದಿದ್ದೆ, ಅಷ್ಟೆ. ನಡುವೆ ಒಂದು ಸಾವಿನ ಮನೆ ಬಂತು, ಹೆಂಗಸರು ಎದೆ ಬಡಿದುಕೊಂಡು ಹಾಡಿ ಅಳುವ ದೃಶ್ಯ. ಮುಂದಿನ ಸಾಲಲ್ಲಿ ಕೂತಿದ್ದ ಏಳನೇ ಕ್ಲಾಸಿನ ಹುಡುಗಿ ಎದ್ದು ಹೊರಗೆ ಹೋದಳು. ನೀರು ಕುಡಿಯೋಕೆ ಅಂದುಕೊಂಡೆ. ಆಮೇಲೆ ಮೇಷ್ಟ್ರು ಹೇಳಿದರು, ಅವಳ ಅಪ್ಪ ತೀರಿಕೊಂಡು ಒಂದು ತಿಂಗಳೂ ಆಗಿರಲಿಲ್ಲ. ಚಿತ್ರದಲ್ಲಿ ತಪ್ಪಿರಲಿಲ್ಲ. ಮೊದಲೇ ಒಂದು ಮಾತು ಹೇಳದೇ ಹೋಗಿದ್ದು ನನ್ನ ತಪ್ಪು. ಅವತ್ತಿನಿಂದ ಯಾವ ಚಿತ್ರದ ವಯಸ್ಸು ಕೇಳಿದರೂ ನಾನು ಎರಡು ಕೇಳುತ್ತೇನೆ: ಎಷ್ಟು ವಯಸ್ಸಿನವರಿಗೆ, ಮತ್ತು ಒಳಗೆ ಏನಿದೆ. ಬರೀ ಮೊದಲನೆಯದಕ್ಕೆ ಉತ್ತರ ಕೊಟ್ಟರೆ ಕೆಲಸ ಅರ್ಧವೇ ಆದಂತೆ.

ಈಗ ನಿಮ್ಮ ಚಿತ್ರಕ್ಕೆ ಬರೋಣ. ಮಂಡಳಿ ಪಾಲಿಸುವ 1991ರ ಮಾರ್ಗಸೂಚಿಯಲ್ಲಿ ನನಗೆ ಬಹಳ ಹಿಡಿಸುವ ಮಾತೊಂದಿದೆ. ಚಿತ್ರವನ್ನು ಬಿಡಿ ದೃಶ್ಯ ಹಿಡಿದು ನೋಡದೆ, ಒಟ್ಟಾರೆ ಏನು ಪರಿಣಾಮ ಬೀರುತ್ತದೆ ಅಂತ ನೋಡಬೇಕು, ಅದು ಯಾವ ಕಾಲದ, ಯಾವ ಜನರ ಕಥೆಯೋ ಆ ಕಾಲ, ಆ ಜನರ ಹಿನ್ನೆಲೆಯಲ್ಲಿ ಅಳೆಯಬೇಕು ಅನ್ನುತ್ತದೆ ಅದು. ನಿಮ್ಮಂಥ ಚಿತ್ರಕ್ಕೆ ಇದೇ ಆಸರೆ. ಆದರೆ ಮಕ್ಕಳ ವಿಷಯಕ್ಕೆ ಬಂದಾಗ ಒಟ್ಟು ಚಿತ್ರದ ಜೊತೆಗೆ ಅತಿ ಭಾರವಾದ ನಿಮಿಷವನ್ನೂ ತೂಗಬೇಕಾಗುತ್ತದೆ. ಹದಿಮೂರರ ಹುಡುಗ ಚಿತ್ರದ ಸಾರಾಂಶ ಮರೆತಾನು, ಆ ಒಂದು ನಿಮಿಷ ಮರೆಯುವುದಿಲ್ಲ.

ಸಾವಿನ ಮನೆ. ನಮ್ಮ ಕಡೆ ಹೆಣವನ್ನು ಮನೆ ಮುಂದೆ ಕೂರಿಸಿ, ಹೂವಿನ ಹಾರ ಹಾಕಿ, ಎದುರಿಗೆ ತಮಟೆ ಬಡಿಯುವುದನ್ನು ನೋಡದ ಮಗು ಹಳ್ಳಿಯಲ್ಲಿ ಸಿಗುವುದು ಕಷ್ಟ. ‘ನೋಡಿದ್ದನ್ನೇ ತೋರಿಸಿದರೆ ಏನು?’ ಅಂತ ನೀವು ಕೇಳಬಹುದು. ಆದರೆ ಮಗು ನಿಲ್ಲುವುದು ಬೀದಿಯ ಆಚೆ, ಅಮ್ಮನ ಸೆರಗಿನ ಹಿಂದೆ. ನಿಮ್ಮ ಕ್ಯಾಮೆರಾ ನಿಂತಿರುವುದು ಮುಖದಿಂದ ಎರಡಡಿ ದೂರದಲ್ಲಿ. ಮೂಗಿಗಿಟ್ಟ ಹತ್ತಿ, ಗದ್ದಕ್ಕೆ ಕಟ್ಟಿದ ಬಟ್ಟೆ, ನೊಣ, ಎಲ್ಲ 40 ಸೆಕೆಂಡು ತೆರೆ ತುಂಬ ಇವೆ. ಅಷ್ಟು ಹತ್ತಿರದಿಂದ ಆ ಊರಿನ ಯಾವ ಮಗುವೂ ನೋಡಿರುವುದಿಲ್ಲ. ಆ ಕ್ಲೋಸಪ್ ತೆಗೆದು, ಅದೇ ಹೊತ್ತಿನಲ್ಲಿ ದೂರದಿಂದ ತೆಗೆದ ಶಾಟ್ ಇದ್ದರೆ ಹಾಕಿ. ಬಡಿತ ಹಾಗೇ ಇರಲಿ. ಸಾವಿನ ಬಡಿತಕ್ಕೂ ಜಾತ್ರೆಯ ಬಡಿತಕ್ಕೂ ಇರುವ ವ್ಯತ್ಯಾಸ ಕಿವಿಗೆ ಗೊತ್ತಾಗುತ್ತದೆ, ಅದನ್ನು ಕೇಳಿಸುವುದೇ ಅಲ್ಲವೇ ನಿಮ್ಮ ಉದ್ದೇಶ? ತೀರಿಕೊಂಡವರ ಮನೆಯವರ ಒಪ್ಪಿಗೆ ಬರಹದಲ್ಲಿ ಇದೆಯಾ ಅಂತಲೂ ನೋಡಿಕೊಳ್ಳಿ.

ಕುಡಿಯುವ ದೃಶ್ಯ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು. ಕುಡಿಯುವುದನ್ನು ತೋರಿಸುವುದು ನಿಷಿದ್ಧವಲ್ಲ, ಅದನ್ನು ಮೆರೆಸಬಾರದು, ಸಮರ್ಥಿಸಬಾರದು ಅನ್ನುತ್ತದೆ ಮಾರ್ಗಸೂಚಿ. ನಿಮ್ಮ ಚಿತ್ರದಲ್ಲಿ ಹಿರಿಯರು ಲೋಟಕ್ಕೆ ಸುರಿದುಕೊಂಡು ‘ಇದಿಲ್ದಿದ್ರೆ ಕೈ ಏಳಲ್ಲಪ್ಪ’ ಅನ್ನುತ್ತಾರೆ. ತಕ್ಷಣ ನೀವು ಜಾತ್ರೆಯ ಅತಿ ಬಿರುಸಿನ ಬಡಿತಕ್ಕೆ ಕಟ್ ಮಾಡಿದ್ದೀರಿ. ಅವರು ಹೇಳಿದ್ದು ನೋವಿನ ಮಾತು. ರಾತ್ರಿಯಿಡೀ ಹೆಗಲಿಗೆ ತಮಟೆ ನೇತುಹಾಕಿಕೊಂಡು ಬಡಿದವರ ತೋಳು ಏನಾಗುತ್ತದೆ ಅಂತ ಗೊತ್ತಿದ್ದವರಿಗೆ ಅರ್ಥವಾಗುವ ಮಾತು. ನಿಮ್ಮ ಕಟ್ ಅದನ್ನು ಹುರುಪಿನ ಗುಟ್ಟು ಅನ್ನುವ ಹಾಗೆ ಮಾಡಿಬಿಟ್ಟಿದೆ. ಒಂಬತ್ತನೇ ಕ್ಲಾಸಿನ ಹುಡುಗನಿಗೆ ಕೇಳಿಸುವುದು ‘ಕುಡಿ, ಬಡಿ’ ಎಂದಷ್ಟೆ. ಎಡಿಟಿಂಗ್ ಟೇಬಲ್‌ನಲ್ಲಿ ಆ ಎರಡನ್ನೂ ಬೇರೆ ಮಾಡಿ. ನಿಮ್ಮ ಚಿತ್ರದ 19ನೇ ನಿಮಿಷದಲ್ಲಿ ಅವರೇ ಬೆಳಗಿನ ಹೊತ್ತು ಜಗಲಿ ಮೇಲೆ ಕೂತು, ಕೈ ನಡುಗುತ್ತಾ ಚಹಾ ಲೋಟ ಹಿಡಿಯುವ ಶಾಟ್ ಇದೆ. ಆ ಮಾತು ಅಲ್ಲಿ ಬಂದರೆ ಯಾರೂ ಉಪದೇಶ ಮಾಡಬೇಕಿಲ್ಲ. ಒಂದೇ ಒಂದು ಶಾಟ್ ಜಾಗ ಬದಲಿಸಿದರೆ ಈ ದೃಶ್ಯ 16ರಿಂದ 13ಕ್ಕೆ ಇಳಿಯುತ್ತದೆ.

ಬೀಡಿಯದು ಬೇರೆ ಕಥೆ, ಅದು ಹಣ ಮತ್ತು ಸಮಯದ ಪ್ರಶ್ನೆ. ತೆರೆಯ ಮೇಲೆ ತಂಬಾಕು ಕಂಡರೆ, ಚಿತ್ರದ ಮೊದಲು ಒಮ್ಮೆ, ನಡುವೆ ಒಮ್ಮೆ 30 ಸೆಕೆಂಡಿನ ಆರೋಗ್ಯ ಎಚ್ಚರಿಕೆ, ಜೊತೆಗೆ 20 ಸೆಕೆಂಡಿನ ಹೇಳಿಕೆ ಬರಬೇಕು, ಬೀಡಿ ಕಾಣುವಷ್ಟು ಹೊತ್ತೂ ಕೆಳಗೆ ಎಚ್ಚರಿಕೆಯ ಸಾಲು ಇರಬೇಕು. 2023ರ ಸೆಪ್ಟೆಂಬರ್‌ನಿಂದ ಓಟಿಟಿಗಳಿಗೂ ಇಂಥದ್ದೇ ನಿಯಮ ಬಂದಿದೆ. ನಿಮ್ಮಲ್ಲಿ ಬೀಡಿ ಕಾಣುವುದು ಮೂರ್ನಾಲ್ಕು ಸೆಕೆಂಡು. ಅದಕ್ಕಾಗಿ 100 ಸೆಕೆಂಡು ಕೊಡಬೇಕಾ? ಬೇರೆ ಶಾಟ್ ಹುಡುಕಿ.

ಮರಿ ಕಡಿಯುವ ದೃಶ್ಯವನ್ನು ತೆಗೆಯಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ವಯಸ್ಸಿಗಿಂತ ಮೊದಲು ಬೇರೆ ಎರಡು ತೊಡಕಿವೆ. ಪ್ರಾಣಿಗಳು ಇರುವ ಚಿತ್ರವನ್ನು ಮಂಡಳಿಗೆ ಒಯ್ಯುವಾಗ ಪ್ರಾಣಿ ಕಲ್ಯಾಣ ಮಂಡಳಿಯ ಪತ್ರ ಕೇಳುತ್ತಾರೆ, ಹಿಂಸೆಯನ್ನು ಸುಮ್ಮಸುಮ್ಮನೆ ತೋರಿಸುವ ಹಾಗಿಲ್ಲ. ಎರಡನೆಯದು ಇನ್ನೂ ಮುಖ್ಯ. ನಮ್ಮ ರಾಜ್ಯದಲ್ಲಿ 1959ರಿಂದಲೇ ಪ್ರಾಣಿಬಲಿ ತಡೆಯುವ ಕಾಯ್ದೆ ಇದೆ, ಗುಡಿಯ ಆವರಣದಲ್ಲಿ ಬಲಿ ಕೊಡುವುದು ಅಪರಾಧ. ನಿಮ್ಮ ಶಾಟ್‌ನಲ್ಲಿ ಗುಡಿ ಕಾಣುತ್ತದೆ, ಕತ್ತಿ ಹಿಡಿದವರ ಮುಖ ಸ್ಪಷ್ಟವಾಗಿ ಕಾಣುತ್ತದೆ. ನಿಮ್ಮನ್ನು ನಂಬಿ ಕ್ಯಾಮೆರಾ ಮುಂದೆ ನಿಂತವರನ್ನು ನಿಮ್ಮ ಚಿತ್ರವೇ ಸಾಕ್ಷಿಯಾಗಿ ಹಿಡಿದುಕೊಡಬಾರದು. ಆ ಕ್ಷಣವನ್ನು ಹೇಳಬೇಕು ಅನ್ನಿಸಿದರೆ ನಿಮಗೆ ತಮಟೆಯೇ ಇದೆ. ಬಡಿತ ಏರುತ್ತಾ ಏರುತ್ತಾ ಬಂದು, ಒಮ್ಮೆಲೇ ನಿಂತು, ಮತ್ತೆ ನಿಧಾನವಾಗಿ ಶುರುವಾಗುವುದು ನಿಮ್ಮ ಸೌಂಡ್ ಟ್ರ್ಯಾಕ್‌ನಲ್ಲೇ ಇದೆ. ಅಷ್ಟು ಹೊತ್ತು ಬಡಿಯುವವರ ಮುಖ ತೋರಿಸಿ. ನೋಡುವವರಿಗೆ ಏನಾಯಿತೆಂದು ಗೊತ್ತಾಗುತ್ತದೆ, ಕಾಣುವುದಿಲ್ಲ.

ಮದುವೆ ಮನೆಯ ಹಾಡು. ಬೀಗರನ್ನು ಹಾಸ್ಯ ಮಾಡುತ್ತಾ ಅಜ್ಜಿಯರು ಹಾಡುವ ತೆಲುಗು ಹಾಡಿಗೆ ನೀವು ಕೊಟ್ಟ ಕನ್ನಡ ಸಬ್‌ಟೈಟಲ್ ಬಲು ಮರ್ಯಾದಸ್ಥವಾಗಿದೆ! ಆದರೆ ಚಿಂತಾಮಣಿ, ಶ್ರೀನಿವಾಸಪುರ, ಬಾಗೇಪಲ್ಲಿ, ಮುಳಬಾಗಿಲು ಕಡೆಯ ಮಕ್ಕಳು ಸಬ್‌ಟೈಟಲ್ ಓದಿ ತೆಲುಗು ಅರ್ಥ ಮಾಡಿಕೊಳ್ಳುವವರಲ್ಲ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಅದೇ ನೆಲದಲ್ಲಿ ಕೈವಾರ ತಾತಯ್ಯನವರು ಎರಡೂ ಭಾಷೆಯಲ್ಲಿ ತತ್ವಪದ ಹಾಡಿದವರು. ಹಾಗಾಗಿ ವಯಸ್ಸು ಗೊತ್ತು ಮಾಡುವಾಗ ಸಬ್‌ಟೈಟಲ್ ನೋಡಬೇಡಿ, ಕಿವಿಗೆ ಬೀಳುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಮಂಡಳಿಯೂ ಹಾಡುಗಳ ಪೂರ್ತಿ ಸಾಹಿತ್ಯ ಕೇಳುತ್ತದೆ, ಅಲ್ಲಿ ತಿದ್ದಿದ ಪಾಠ ಕೊಟ್ಟರೆ ನಂಬಿಕೆ ಹೋಗುತ್ತದೆ. ನನಗೆ ಆ ಹಾಡಿನಲ್ಲಿ ಕೊಳಕು ಕಾಣಲಿಲ್ಲ. ಅಜ್ಜಿಯರ ನಗುವಿನಲ್ಲಿ ಸಲಿಗೆ ಇದೆ. ಎರಡನೇ ಚರಣ ಮಾತ್ರ ನೇರವಾಗಿ ದೇಹಕ್ಕೇ ಇಳಿಯುತ್ತದೆ. ಮೊದಲನೆಯದು, ಮೂರನೆಯದು ಇಟ್ಟುಕೊಂಡರೆ 13ಕ್ಕೆ ಏನೂ ತೊಂದರೆಯಿಲ್ಲ.

ಇನ್ನು ಬೈಗುಳದ ಮಾತು. ಹಿರಿಯರು ತಾವು ಹುಡುಗರಾಗಿದ್ದಾಗ ಊರ ಯಜಮಾನರು ತಮ್ಮನ್ನು ಏನೆಂದು ಕರೆಯುತ್ತಿದ್ದರು ಅಂತ ಹೇಳುವಾಗ ನೀವು ಅಲ್ಲಿ ‘ಬೀಪ್’ ಹಾಕಿದ್ದೀರಿ. ಸೆನ್ಸಾರ್‌ನವರು ಸುಮ್ಮನಿರಲಿ ಅಂತ ಹಾಕಿರಬೇಕು. ದಯವಿಟ್ಟು ಇದನ್ನು ಇನ್ನೊಮ್ಮೆ ಯೋಚಿಸಿ. ಬೀಪ್ ಹಾಕುವುದು ಅಶ್ಲೀಲ ಮಾತಿಗೆ. ಇಲ್ಲಿ ಅಳಿಸಿಹೋಗಿರುವುದು ಒಂದು ಜಾತಿಯ ಹೆಸರು, ಹೇಳುತ್ತಿರುವವರ ಸ್ವಂತ ಜಾತಿಯ ಹೆಸರು. ತೆರೆ ಮುಂದೆ ಕೂತ ಆ ಜಾತಿಯ ಹುಡುಗಿಗೆ ಬೀಪ್ ಏನು ಹೇಳುತ್ತದೆ? ನಿನ್ನ ಹೆಸರು ಬಾಯಲ್ಲಿ ಆಡಬಾರದ ಮಾತು ಅಂತ. ಒಂದು ಸಮುದಾಯವನ್ನು ಹೀಗಳೆಯುವ ಮಾತು ಇರಬಾರದು ಅನ್ನುವ ಮಾರ್ಗಸೂಚಿ ನಿಜ. ಆದರೆ ಹೀಗಳೆಸಿಕೊಂಡವರೇ ಅದನ್ನು ನೆನೆದು ಹೇಳುವುದು ಹೀಗಳೆಯುವುದಲ್ಲ, ಚಿತ್ರವನ್ನು ಇಡಿಯಾಗಿ ನೋಡಬೇಕು ಅನ್ನುವ ನಿಯಮ ಇರುವುದೇ ಇಂಥ ಕಡೆಗೆ. ಮೊದಲು ಅವರನ್ನೇ ಕೇಳಿ, ‘ತಾತ, ಈ ಮಾತು ಹಾಗೇ ಇರಲಾ?’ ಅಂತ. ಅವರು ಇರಲಿ ಅಂದರೆ ಬೀಪ್ ತೆಗೆಯಿರಿ, ಅರ್ಜಿಯ ಜೊತೆ ಇದು ಯಾರ ಮಾತು, ಯಾಕೆ ಇದೆ ಅಂತ ನಾಲ್ಕು ಸಾಲು ಬರೆದು ಲಗತ್ತಿಸಿ. ಏಳು ವರ್ಷದ ಮಗುವಿಗೆ ಇದು ಅರ್ಥವಾಗುವುದಿಲ್ಲ, ಮಾತು ಮಾತ್ರ ಕಲಿಯುತ್ತದೆ. ಹದಿಮೂರಕ್ಕೆ ಅರ್ಥವಾಗುತ್ತದೆ. ನಾನು 7+ ಬೇಡ ಎನ್ನುವುದಕ್ಕೆ ಬೇರೆಲ್ಲದಕ್ಕಿಂತ ದೊಡ್ಡ ಕಾರಣ ಇದೇ.

ಕಂಬಾಲಪಲ್ಲಿಯ ಹಾಡು ಚಿತ್ರದ ಜೀವ. 2000ದ ಮಾರ್ಚ್ 11ರಂದು ಆಗಿನ ಕೋಲಾರ ಜಿಲ್ಲೆಯ ಆ ಊರಿನಲ್ಲಿ ಏಳು ಜನ ದಲಿತರನ್ನು ಸುಟ್ಟು ಕೊಂದದ್ದು ನಮ್ಮ ಕಡೆಯವರಿಗೆ ಯಾರಿಗೂ ಹೇಳಿಕೊಡಬೇಕಾದ್ದಲ್ಲ ಅಂದುಕೊಂಡಿದ್ದೆ. ಈಗಿನ ಹೈಸ್ಕೂಲಿನ ಮಕ್ಕಳು ಆಗ ಹುಟ್ಟಿಯೇ ಇರಲಿಲ್ಲ, ಎಷ್ಟೋ ಜನಕ್ಕೆ ಹೆಸರೂ ಗೊತ್ತಿಲ್ಲ. ಆದ್ದರಿಂದ ಹಾಡು ಮಕ್ಕಳಿಗೆ ಮುಟ್ಟಲೇಬೇಕು. ಆದರೆ ಹಾಡಿನ ಮೇಲೆ ನೀವು ಹಳೆಯ ಪತ್ರಿಕೆಯ ಫೋಟೋಗಳನ್ನು ಇಟ್ಟಿದ್ದೀರಿ, ಸುಟ್ಟ ದೇಹಗಳವು, ಎಂಟು ಸೆಕೆಂಡು. ಇಡೀ ಚಿತ್ರವನ್ನು 16ಕ್ಕೆ ಎಲ್ಲಕ್ಕಿಂತ ಹೆಚ್ಚಾಗಿ ಎಳೆಯುತ್ತಿರುವುದು ಈ ಎಂಟು ಸೆಕೆಂಡೇ. ಅದು ಹಾಡಿಗೂ ಒಳ್ಳೆಯದು ಮಾಡಿಲ್ಲ. ಫೋಟೋ ಬಂದ ಕೂಡಲೇ ನನಗೆ ಹಾಡು ಕೇಳಿಸುವುದು ನಿಂತುಹೋಯಿತು. ತಾತ ಕಣ್ಣು ಮುಚ್ಚಿ, ತಮಟೆಯ ಅಂಚನ್ನು ಬರೀ ಉಗುರಲ್ಲಿ ತಟ್ಟುತ್ತಾ ಒಬ್ಬೊಬ್ಬರ ಹೆಸರು ಹೇಳಿ ಹಾಡುವಾಗ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಾ? ಫೋಟೋ ತೆಗೆದು ಅವರ ಮುಖದ ಮೇಲೇ ಇರಿ. ಊರು ಮತ್ತು ತಾರೀಕನ್ನು ಕೊನೆಯಲ್ಲಿ ಅಕ್ಷರದಲ್ಲಿ ತೋರಿಸಿ.

ಇಷ್ಟು ಮಾಡಿದ ಮೇಲೆ ಅದನ್ನು ಎಲ್ಲಿ, ಹೇಗೆ ಬರೆಯುವುದು? ಇದು ಬೇಗ ಹೇಳಿ ಮುಗಿಸಬಹುದಾದ್ದು. ಥಿಯೇಟರ್ ಇರಲಿ, ಜಾತ್ರೆ ಮೈದಾನದಲ್ಲಿ ಪರದೆ ಕಟ್ಟಿ ಬಂದವರಿಗೆಲ್ಲ ತೋರಿಸುವುದಿರಲಿ, ಅದು ಸಾರ್ವಜನಿಕ ಪ್ರದರ್ಶನ, ಪ್ರಮಾಣಪತ್ರ ಬೇಕು. ಬೆಂಗಳೂರಿನಲ್ಲಿ ಮಂಡಳಿಯ ಪ್ರಾದೇಶಿಕ ಕಚೇರಿ ಇದೆ, ಅರ್ಜಿ ಹಾಕುವುದು ಆನ್‌ಲೈನ್‌ನಲ್ಲಿ. ನೀವು ಯುಎ 13+ ಕೇಳಬಹುದು, ಕೊಡುವವರು ಅವರು. ಈಗ ಕೊಟ್ಟ ಪ್ರಮಾಣಪತ್ರಕ್ಕೆ ಹತ್ತು ವರ್ಷದ ಗಡುವಿಲ್ಲ, ಆದರೆ ಸಿಕ್ಕ ಮೇಲೆ ಒಂದು ಶಾಟ್ ಸೇರಿಸಿದರೂ ತೆಗೆದರೂ ಅವರಿಗೆ ತಿಳಿಸಬೇಕು. ಹಾಗಾಗಿ ಮೇಲೆ ಹೇಳಿದ ಕತ್ತರಿ ಕೆಲಸವನ್ನೆಲ್ಲ ಮುಗಿಸಿಯೇ ಅರ್ಜಿ ಹಾಕಿ. ಅಲ್ಲಿವರೆಗೆ ನಿಮ್ಮ ಪೋಸ್ಟರ್ ಮೇಲೆ ನೀವೇ ‘ಯುಎ’ ಅಂತ ಮುದ್ರೆ ಹಾಕಿಕೊಳ್ಳಬೇಡಿ, ಅದು ಮಂಡಳಿಯ ಗುರುತು. ‘13 ವರ್ಷ ಮೇಲ್ಪಟ್ಟವರಿಗೆ ಸೂಕ್ತ’ ಅಂತ ಕನ್ನಡದಲ್ಲಿ ಬರೆಯಿರಿ, ಅದು ನಿಮ್ಮ ಮಾತು. ಚಿತ್ರೋತ್ಸವಗಳಲ್ಲಿ ಪ್ರಮಾಣಪತ್ರವಿಲ್ಲದ ಚಿತ್ರ ತೋರಿಸಲು ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯದಿಂದ ವಿನಾಯಿತಿ ತರುವ ವ್ಯವಸ್ಥೆ ಇದೆ, ಅದನ್ನು ಉತ್ಸವದವರೇ ನೋಡಿಕೊಳ್ಳುತ್ತಾರೆ. ನೀವು ಅವರ ಫಾರಂನಲ್ಲಿ ಒಳಗೇನಿದೆ ಅನ್ನುವುದನ್ನು ಮುಚ್ಚಿಡದೆ ತುಂಬಿದರೆ ಸಾಕು.

ಯೂಟ್ಯೂಬ್‌ನಲ್ಲಿ ಬಹಳ ಜನ ಎಡವುತ್ತಾರೆ. ಅಪ್‌ಲೋಡ್ ಮಾಡುವಾಗ ‘ಮಕ್ಕಳಿಗಾಗಿ ಮಾಡಿದ್ದೇ?’ ಅಂತ ಒಂದು ಪ್ರಶ್ನೆ ಬರುತ್ತದೆ. ‘ಮಕ್ಕಳೂ ನೋಡಲಿ ಪಾಪ’ ಅಂತ ಹೌದು ಒತ್ತಬೇಡಿ. ಅದು ಪುಟ್ಟ ಮಕ್ಕಳ ಹಾಡು, ಕಾರ್ಟೂನ್ ತರಹದ ವೀಡಿಯೊಗಳಿಗೆ ಇರುವುದು. ಒತ್ತಿದರೆ ಕಾಮೆಂಟ್ ಮುಚ್ಚಿಹೋಗುತ್ತದೆ, ಎಂದೋ ಬಿಟ್ಟುಹೋದ ತಮಟೆ ತಂಡದವರು ಎಲ್ಲಿಂದಲೋ ಬಂದು ನಾಲ್ಕು ಮಾತು ಬರೆಯುವುದು ತಪ್ಪುತ್ತದೆ. ‘ಮಕ್ಕಳಿಗಾಗಿ ಮಾಡಿದ್ದಲ್ಲ’ ಅಂದಮಾತ್ರಕ್ಕೆ 18ರ ನಿರ್ಬಂಧ ಬೀಳುವುದಿಲ್ಲ, ಅವೆರಡೂ ಬೇರೆ ಬೇರೆ ಗುಂಡಿ. ಎರಡನೆಯದನ್ನು ಮುಟ್ಟಬೇಡಿ. ಇದು ಸಾಕ್ಷ್ಯಚಿತ್ರ, ಎಲ್ಲಿ ಯಾಕೆ ಮಾಡಿದ್ದು ಅನ್ನುವುದನ್ನು ಚಿತ್ರದ ಶುರುವಿನಲ್ಲೂ ಕೆಳಗಿನ ವಿವರಣೆಯಲ್ಲೂ ಬರೆಯಿರಿ. ಅಂಥ ಹಿನ್ನೆಲೆಯನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ನಿಮ್ಮ ಹಾಗೆ ವ್ಯಾಪಾರವಿಲ್ಲದೆ ಒಂದು ಚಿತ್ರ ಹಾಕುವ ವ್ಯಕ್ತಿಗೆ ಓಟಿಟಿ ಕಂಪನಿಗಳ ವಯಸ್ಸಿನ ನಿಯಮ ಕಡ್ಡಾಯವಲ್ಲ. ಆದರೂ ಅದೇ ಅಳತೆ ಬಳಸಿ, ನೋಡುವವರಿಗೆ ಅದು ಪರಿಚಿತ.

ವಯಸ್ಸಿನ ಜೊತೆ ಒಳಗೆ ಏನಿದೆ ಅಂತಲೂ ಹೇಳಬೇಕು ಅಂದೆನಲ್ಲ, ಅದಕ್ಕೆ ವಯಸ್ಸಿನ ಕೆಳಗೆ ನಾನಾದರೆ ಒಂದು ಸಾಲು ಹೀಗೆ ಬರೆಯುತ್ತಿದ್ದೆ: ‘13 ವರ್ಷ ಮೇಲ್ಪಟ್ಟವರಿಗೆ. ಸಾವಿನ ಮನೆಯ ದೃಶ್ಯ, ಮದ್ಯಪಾನ, ಜಾತಿನಿಂದನೆಯ ನೆನಪು ಮತ್ತು ಹತ್ಯಾಕಾಂಡವೊಂದರ ಕುರಿತ ಹಾಡು ಇದೆ.’ ಇಷ್ಟೇ ಸಾಕು, ಹೆದರಿಸುವ ಮಾತು ಬೇಡ. ಶಾಲೆಗೆ ಒಯ್ಯುವಾಗ ಈ ಸಾಲನ್ನು ಹಿಂದಿನ ದಿನವೇ ಮೇಷ್ಟ್ರಿಗೆ ಕಳಿಸಿ. ಯಾವ ಮನೆಯಲ್ಲಿ ಈಚೆಗೆ ಏನಾಗಿದೆ ಅಂತ ಅವರಿಗೆ ಗೊತ್ತಿರುತ್ತದೆ. ಎಂಟರಿಂದ ಹತ್ತನೇ ಕ್ಲಾಸಿಗೆ ಪೂರ್ತಿ ಚಿತ್ರ, ಮುಗಿದ ಮೇಲೆ ಕಡೇಪಕ್ಷ ಅರ್ಧ ಗಂಟೆ ಮಾತು. ಕೆಳಗಿನ ಕ್ಲಾಸಿನವರು ಕೇಳಿದರೆ ತಮಟೆ ಕಟ್ಟುವ, ಕಾಯಿಸುವ, ಕಲಿಸುವ ಭಾಗವನ್ನಷ್ಟೇ ಒಂಬತ್ತು ಹತ್ತು ನಿಮಿಷಕ್ಕೆ ಬೇರೆಯಾಗಿ ಕತ್ತರಿಸಿಕೊಂಡು ಹೋಗಿ. ‘ತಮಟೆ ಸಾವಿನ ವಾದ್ಯ, ಶಾಲೆಯಲ್ಲಿ ಯಾಕೆ?’ ಅಂತ ಯಾರಾದರೂ ಹಿಂದೆಮುಂದೆ ನೋಡಿದರೆ, ನಿಮ್ಮದೇ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿಯೇ 2023ರಲ್ಲಿ ಪದ್ಮಶ್ರೀ ಬಂದಿದೆ ಅಂತ ಹೇಳಿ. ನಾನು ಹೇಳಿದ ಕಡೆಯೆಲ್ಲ ಬಾಗಿಲು ತೆರೆದಿದೆ.

ಕತ್ತರಿಸಿ ಮುಗಿಸಿದ ಮೇಲೆ ಮೂರು ಜನಕ್ಕೆ ತೋರಿಸಿ: ಕೇರಿಯ ಒಬ್ಬ ತಾಯಿ, ಒಬ್ಬ ಹೈಸ್ಕೂಲು ಮೇಷ್ಟ್ರು, ಹದಿನಾಲ್ಕರ ಒಬ್ಬ ಹುಡುಗ ಅಥವಾ ಹುಡುಗಿ. ನೀವು ತೆರೆ ನೋಡಬೇಡಿ, ಅವರ ಮುಖ ನೋಡಿ. ಎಲ್ಲಿ ತಾಯಿ ಮಗುವಿನ ಕಡೆ ತಿರುಗುತ್ತಾಳೋ ಆ ನಿಮಿಷ ಬರೆದುಕೊಳ್ಳಿ.

ಕೊನೆಗೆ ಆ 12 ವರ್ಷದ ಹುಡುಗ. ಅವನು ತಾನಿರುವ ಚಿತ್ರಕ್ಕೇ ಒಂದು ವರ್ಷ ಚಿಕ್ಕವನು. ಯುಎ ಆದ್ದರಿಂದ ಅಪ್ಪ ಅಮ್ಮನ ಜೊತೆ ಅವನು ನೋಡಬಹುದು, ಕಾನೂನಿನ ಅಡ್ಡಿ ಇಲ್ಲ. ನನ್ನ ಅಳುಕು ಇರುವುದು ಬೇರೆ ಕಡೆ. ಸಾವಿನ ಮನೆಯಲ್ಲಿ ಅವನು ಹೆಣದ ಪಕ್ಕದಲ್ಲೇ ನಿಂತು ಬಡಿಯುತ್ತಾನೆ, ಆಮೇಲೆ ಯಾರೋ ಕೊಟ್ಟ ಹತ್ತು ರೂಪಾಯಿ ನೋಟನ್ನು ನೆಲದಿಂದ ಎತ್ತಿಕೊಳ್ಳುತ್ತಾನೆ. ನೋಟು ಕೊಟ್ಟವರು ಅದನ್ನು ಕೈಗೆ ಕೊಡಲಿಲ್ಲ, ಎಸೆದರು. ಅದು ನಿಮ್ಮ ಚಿತ್ರದ ಅತಿ ಸತ್ಯವಾದ ಶಾಟ್. ಅವನ ಕ್ಲಾಸಿನವರು ನಾಳೆ ಶಾಲೆಯಲ್ಲಿ ನೋಡುವುದೂ ಅದನ್ನೇ. ಹಾಗಾಗಿ ಶಾಲೆ, ಉತ್ಸವ, ಯೂಟ್ಯೂಬ್ ಯಾವುದಕ್ಕೂ ಮೊದಲು ಲ್ಯಾಪ್‌ಟಾಪ್ ಹಿಡಿದುಕೊಂಡು ಅವರ ಮನೆಗೆ ಹೋಗಿ. ಅವನನ್ನೂ ಅಪ್ಪ ಅಮ್ಮನನ್ನೂ ಕೂರಿಸಿ ಆ ಶಾಟ್ ತೋರಿಸಿ, ಇರಲಾ ತೆಗೆಯಲಾ ಅಂತ ಕೇಳಿ. ಅಪ್ಪ ಇರಲಿ ಅಂದು ಹುಡುಗ ತಲೆ ತಗ್ಗಿಸಿದರೆ, ಹುಡುಗನ ಮಾತು ನಡೆಯಲಿ. ತೆಗೆಯಿರಿ ಅಂದರೆ ತೆಗೆದು, ಹೊಸ ಕಟ್ ನನಗೆ ಕಳಿಸಿ, ಮತ್ತೊಮ್ಮೆ ಕೂತು ನೋಡುತ್ತೇನೆ.